ಪೆನ್ಸಿಲ್ ಸ್ಕೆಚ್‌ಗೆ ಕಲರ್ ಪೆನ್ಸಿಲ್ ಹಾಕೋದು, ಕೊಳೆಯಾಗದ ಹಾಗೆ: ಒಂದು ಸೇಂದೂರ ಮಾವಿನಹಣ್ಣು ಇಟ್ಕೊಂಡು ಕಲಿಯೋಣ

ತುಂಬಾ ಜನ ಮಾಡೋದು ಹೀಗೆ. ಎರಡು ಮೂರು ಗಂಟೆ ಕೂತು ಪೆನ್ಸಿಲ್‌ನಲ್ಲಿ ಚೆಂದದ ಸ್ಕೆಚ್ ಮಾಡ್ತಾರೆ, 6ಬಿ ಅನ್ನೋ ಮೆತ್ತನೆ ಕಪ್ಪು ಪೆನ್ಸಿಲ್ ತಗೊಂಡು ಶೇಡಿಂಗ್ ಕೂಡ ಕೊಡ್ತಾರೆ, ಮನೆಯವರೆಲ್ಲ ಭೇಷ್ ಅಂತಾರೆ, ಆಮೇಲೆ ಇದಕ್ಕೆ ಕಲರ್ ಮಾಡಿದ್ರೆ ಇನ್ನೂ ಚೆನ್ನಾಗಿರತ್ತೆ ಅಂತ ಕಲರ್ ಪೆನ್ಸಿಲ್ ಡಬ್ಬಿ ತೆಗೀತಾರೆ. ಅರ್ಧ ಗಂಟೆ ಆಗೋಷ್ಟರಲ್ಲಿ ಹಳದಿ ಹಾಕಿದ ಜಾಗ ಪಾಚಿ ಬಣ್ಣಕ್ಕೆ ತಿರುಗಿರತ್ತೆ, ಬಿಳಿ ಬಿಟ್ಟ ಜಾಗದಲ್ಲೆಲ್ಲ ಬೂದು ಬೂದು ಬೆರಳಚ್ಚು, ಸರಿಮಾಡೋಣ ಅಂತ ರಬ್ಬರ್ ಹಾಕಿದ್ರೆ ಇನ್ನಷ್ಟು ಮೆತ್ಕೊಳ್ಳತ್ತೆ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಅಭ್ಯಾಸ ಮಾಡ್ತಿದ್ದ ಕಾಲದಲ್ಲಿ ಒಂದಿಡೀ ಹಣ್ಣಿನ ಬುಟ್ಟಿ ನನ್ನ ಕೈಯಲ್ಲಿ ಹೀಗೇ ಹಾಳಾಗಿತ್ತು, ಬಾಳೆಹಣ್ಣು ಒಂದೂ ಹಳದಿ ಉಳಿದಿರಲಿಲ್ಲ. ತಪ್ಪು ಕಲರ್ ಪೆನ್ಸಿಲ್‌ದು ಅಂದ್ಕೊಂಡು ಇನ್ನೊಂದು ಡಬ್ಬಿ ತಂದೆ, ಅದ್ರಲ್ಲೂ ಅದೇ ಆಯ್ತು. ತಪ್ಪು ಇದ್ದಿದ್ದು ಕೆಳಗಿದ್ದ ಸ್ಕೆಚ್‌ನಲ್ಲಿ. ಬಣ್ಣ ಬರೋಕೆ ಮುಂಚೆ ಗ್ರಾಫೈಟ್, ಅಂದ್ರೆ ಪೆನ್ಸಿಲ್‌ನ ಕಪ್ಪು, ಹಾಳೆ ಬಿಟ್ಟು ಹೋಗಿರಬೇಕು, ಇಡೀ ಕೆಲಸ ನಿಂತಿರೋದು ಇದ್ರ ಮೇಲೆ, ಉಳಿದಿದ್ದೆಲ್ಲ ತಾಳ್ಮೆ.

ಉದಾಹರಣೆಗೆ ಸೇಂದೂರ ಮಾವಿನಹಣ್ಣು ತಗೊಳ್ತೀನಿ, ಒಂದು ಎಲೆ ಸಮೇತ. ಯಾಕಂದ್ರೆ ಅದ್ರಲ್ಲಿ ತೊಟ್ಟಿನ ಹತ್ರ ಕೆಂಪು, ಕೆಳಗೆ ಬರ್ತಾ ಹಳದಿ, ಮಧ್ಯೆ ಎರಡೂ ಸೇರೋ ಜಾಗ, ಪಕ್ಕದಲ್ಲಿ ಹಸಿರು ಎಲೆ, ಸಿಪ್ಪೆ ಮೇಲೆ ಬೆಳಕಿನ ಚುಕ್ಕೆ, ಎಲ್ಲಾ ಇದೆ. ಅದೂ ಅಲ್ಲದೆ ಹಳದಿಯಷ್ಟು ಬೇಗ ಕೊಳೆ ತೋರಿಸೋ ಬಣ್ಣ ಇನ್ನೊಂದಿಲ್ಲ, ಹಳದಿ ಗೆದ್ರೆ ಉಳಿದಿದ್ದು ಗೆದ್ದ ಹಾಗೇ.

ಕೊಳೆ ಎಲ್ಲಿಂದ ಬರತ್ತೆ

ಹಿಂದಿನವರು ಪೆನ್ಸಿಲ್‌ಗೆ ಸೀಸದಕಡ್ಡಿ ಅಂತಿದ್ರು, ನಾವೂ ಒಳಗಿರೋದಕ್ಕೆ ಲೆಡ್ ಅಂತೀವಿ, ಆದ್ರೆ ಅದ್ರಲ್ಲಿ ಸೀಸ ಇಲ್ಲವೇ ಇಲ್ಲ, ಇರೋದು ಗ್ರಾಫೈಟ್ ಅನ್ನೋ ಇಂಗಾಲ ಮತ್ತೆ ಜೇಡಿಮಣ್ಣು. ಇವೆರಡನ್ನೂ ಕಲಸಿ ಸುಟ್ಟು ಕಡ್ಡಿ ಮಾಡೋ ವಿಧಾನಕ್ಕೆ ಫ್ರಾನ್ಸಿನ ಕಾಂಟೆ 1795ರಲ್ಲಿ ಪೇಟೆಂಟ್ ತಗೊಂಡ, ಈಗ್ಲೂ ಮೂಲ ಅದೇ. ಮಣ್ಣು ಜಾಸ್ತಿ ಇದ್ರೆ ಕಡ್ಡಿ ಗಟ್ಟಿ, ಗೆರೆ ತಿಳಿ, ಅದು ಎಚ್ ಕಡೆ. ಗ್ರಾಫೈಟ್ ಜಾಸ್ತಿ ಇದ್ರೆ ಮೆತ್ತಗೆ, ಕಪ್ಪಗೆ, ಅದು ಬಿ ಕಡೆ. ಗ್ರಾಫೈಟ್ ಇರೋದೇ ಪದರ ಪದರವಾಗಿ, ಇಸ್ಪೀಟ್ ಎಲೆ ಕಟ್ಟಿನ ಥರ ಒಂದರ ಮೇಲೊಂದು ಜಾರತ್ತೆ, ಅದಕ್ಕೇ ಕೈ ತಗುಲಿದ್ರೆ ಸಾಕು ಮೆತ್ಕೊಳ್ಳೋದು.

ಕಲರ್ ಪೆನ್ಸಿಲ್ ಒಳಗಿರೋದು ಬೇರೆ, ಬಣ್ಣದ ಪುಡಿ, ಮೇಣ ಅಥವಾ ಎಣ್ಣೆ, ಸ್ವಲ್ಪ ಅಂಟು, ಸ್ವಲ್ಪ ಬಿಳಿ ಮಣ್ಣು. ಈ ಮೇಣ ಗ್ರಾಫೈಟ್ ಮೇಲೆ ಹೋದಾಗ ಅದರ ಪುಡಿನೆಲ್ಲ ಹಿಡ್ಕೊಂಡು ಎಳ್ಕೊಂಡು ಹೋಗತ್ತೆ, ಆಮೇಲೆ ಅದ್ರ ಮೇಲೆ ಮುಚ್ಚಳದ ಹಾಗೆ ಕೂತ್ಕೊಳ್ಳತ್ತೆ, ಆಗ ರಬ್ಬರ್ ಕೆಳಗಿನ ಗ್ರಾಫೈಟ್‌ನ ಮುಟ್ಟೋಕೇ ಆಗಲ್ಲ. ಹಳದಿಗೆ ಕಪ್ಪು ಬೆರೆತ್ರೆ ಕಣ್ಣಿಗೆ ಹಸಿರು ಬೂದಿಯಾಗಿ ಕಾಣತ್ತೆ, ಪೇಂಟ್ ಕಲಸಿದವರಿಗೆ ಇದು ಗೊತ್ತಿರತ್ತೆ. ಕೆಂಪಿಗೆ ಬೆರೆತ್ರೆ ಇಟ್ಟಿಗೆ ಪುಡಿ ಥರ. ಮುಖದ ಚರ್ಮಕ್ಕೆ ಹಾಕೋ ಪೀಚ್, ತಿಳಿ ಗುಲಾಬಿಗೆ ಬೆರೆತ್ರೆ ಮುಖದ ಜೀವವೇ ಹೋಗತ್ತೆ. ನೀಲಿ, ನೇರಳೆ, ಕಡು ಹಸಿರು, ಕಂದು ಮಾತ್ರ ಸ್ವಲ್ಪ ಗ್ರಾಫೈಟ್ ತಡ್ಕೊಳ್ಳತ್ವೆ, ಹಾಗಾಗಿ ನವಿಲು ಕಲರ್ ಮಾಡಿ ಚೆನ್ನಾಗಿ ಬಂದವರು ಬಾಳೆಹಣ್ಣಲ್ಲಿ ಯಾಕೆ ಹೀಗಾಯ್ತು ಅಂತ ತಲೆ ಕೆಡಿಸ್ಕೊಳ್ತಾರೆ.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ಮೊದಲ ಗೆರೆಗೆ ಹುಣಸೆ ಕಡ್ಡಿನ ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಮಾಡಿದ ಇದ್ದಿಲು ಬಳಸ್ತಿದ್ರು. ಇದ್ದಿಲು ಗ್ರಾಫೈಟ್ ಥರ ಅಂಟ್ಕೊಳ್ಳಲ್ಲ, ಬಟ್ಟೆಯಲ್ಲಿ ಕೊಡವಿದ್ರೆ ಬಹುಪಾಲು ಉದುರಿ ಹೋಗತ್ತೆ. ಹೇಳಿದಾಗ ಜಾಗ ಬಿಟ್ಟುಕೊಡೋ ಗೆರೆ ಬೇಕು, ನಮಗೂ ಬೇಕಾಗಿರೋದು ಅದೇ.

ಸಾಮಾನು

ಹಾಳೆ ಮೊದಲು, ಯಾಕಂದ್ರೆ ದುಡ್ಡು ಹಾಕೋದಾದ್ರೆ ಪೆನ್ಸಿಲ್‌ಗಿಂತ ಮುಂಚೆ ಹಾಳೆಗೆ ಹಾಕಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಜೆರಾಕ್ಸ್ ಹಾಳೆ 70 ರಿಂದ 80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ) ಇರತ್ತೆ, ಅದು ಎರಡು ಪದರ ಬಣ್ಣ ತಗೊಳ್ಳೋಷ್ಟರಲ್ಲಿ ನುಣ್ಣಗಾಗಿ ಮೂರನೇದನ್ನ ಜಾರಿಸಿಬಿಡತ್ತೆ. ಕನಿಷ್ಠ 150 ಜಿಎಸ್‌ಎಂ ಕಾರ್ಟ್ರಿಜ್ ಹಾಳೆ, ಅಂದ್ರೆ ಡ್ರಾಯಿಂಗ್‌ನ ದಪ್ಪ ಹಾಳೆ, ತಗೊಳ್ಳಿ, 200 ಆದ್ರೆ ಇನ್ನೂ ಒಳ್ಳೇದು. ಬರೀ ದಪ್ಪ ಇದ್ರೂ ಸಾಲಲ್ಲ, ಹಾಳೆಗೆ ಸಣ್ಣ ತರಿ ಇರಬೇಕು, ಬಣ್ಣ ಕೂರೋದು ಆ ತರಿಯಲ್ಲೇ. ಅಂಗಡಿಯಲ್ಲಿ ಬೆರಳ ಹಿಂಭಾಗದಿಂದ ಸವರಿ ನೋಡಿ, ಗಾಜಿನ ಥರ ಜಾರಿದ್ರೆ ಬೇಡ, ಉಪ್ಪಿನ ಕಾಗದದ ಥರ ತರಿ ತರಿ ಇದ್ರೂ ಬೇಡ, ಅದ್ರಲ್ಲಿ ಎಷ್ಟು ಹಾಕಿದ್ರೂ ಬಿಳಿ ಚುಕ್ಕೆ ಉಳಿಯತ್ತೆ. ಇಸ್ತ್ರಿ ಮಾಡಿದ ಹತ್ತಿ ಬಟ್ಟೆ ಸವರಿದ ಹಾಗಿದ್ರೆ ಸರಿ.

ಪೆನ್ಸಿಲ್ ವಿಷಯಕ್ಕೆ ಬಂದ್ರೆ, ಶುರುವಿಗೆ ಡಾಮ್ಸ್, ಕ್ಯಾಮ್ಲಿನ್, ಫೇಬರ್ ಕ್ಯಾಸೆಲ್ ಯಾವುದ್ರದ್ದಾದ್ರೂ 24ರ ಡಬ್ಬಿ ಸಾಕು. ಒಂದು ವಿಷಯ ನೋಡ್ಕೊಳ್ಳಿ, ವಾಟರ್ ಕಲರ್ ಪೆನ್ಸಿಲ್ ಡಬ್ಬಿನೂ ನೋಡೋಕೆ ಹಾಗೇ ಇರತ್ತೆ, ಪೆನ್ಸಿಲ್ ಮೇಲೋ ಡಬ್ಬಿ ಮೇಲೋ ಬ್ರಷ್ ಗುರುತು ಇದ್ರೆ ಅದು ನೀರಿಗೆ ಕರಗೋದು, ಬೆವರ ಕೈ ತಗುಲಿದ್ರೂ ಕಲೆ ಬೀಳತ್ತೆ, ಈ ಕೆಲಸಕ್ಕೆ ಬೇಡ. ಮುಂದೆ ದೊಡ್ಡ ಸೆಟ್ ತಗೊಳ್ಳೋ ಮನಸ್ಸಾದ್ರೆ ಎರಡು ಜಾತಿ ಇದೆ ಅಂತ ತಿಳ್ಕೊಂಡಿರಿ. ಪ್ರಿಸ್ಮಾಕಲರ್ ಪ್ರೀಮಿಯರ್ ಥರದ್ದು ಮೇಣದ್ದು, ಬೆಣ್ಣೆ ಹಾಗೆ ಮೆತ್ತಗೆ, ಬಣ್ಣ ಬೇಗ ತುಂಬತ್ತೆ, ಮುರಿಯೋದೂ ಬೇಗ. ಫೇಬರ್ ಕ್ಯಾಸೆಲ್ ಪಾಲಿಕ್ರೋಮೋಸ್ ಎಣ್ಣೆದು, ಗಟ್ಟಿ, ತುದಿ ಚೂಪು ನಿಲ್ಲತ್ತೆ, ಚೊಕ್ಕ ಅಂಚು ಬೇಕು ಅನ್ನೋರಿಗೆ ನಾನು ಇದನ್ನೇ ಹೇಳೋದು. ಬಿಸಿಲುಕಾಲದಲ್ಲಿ ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ದಾಟಿದಾಗ ಮೇಣದ ಪೆನ್ಸಿಲ್ ಇನ್ನೂ ಮೆತ್ತಗಾಗಿ ದಪ್ಪ ದಪ್ಪ ಬೀಳತ್ತೆ, ಅಂಥ ದಿನ ಬೆಳಗ್ಗೆ ಬೇಗ ಕೂತ್ಕೊಳ್ಳೋದು ವಾಸಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ತೊಂದ್ರೆ ಬೇರೆ, ಹಾಳೆನೇ ತೇವ ಹೀರ್ಕೊಂಡು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿರತ್ತೆ, ಪೆನ್ಸಿಲ್ ತುದಿ ಅದನ್ನ ಗೀರತ್ತೆ, ಹಾಗಾಗಿ ಹಾಳೆಗಳನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರತ್ತಲ್ಲ ಅದೇ.

ರಬ್ಬರ್ ಎರಡು ಬೇಕು. ಒಂದು ಮಾಮೂಲಿ ಬಿಳಿ ಡಸ್ಟ್ ಫ್ರೀ. ಇನ್ನೊಂದು ನೀಡೆಡ್ ಇರೇಸರ್, ಬೂದು ಬಣ್ಣದ ಹಿಟ್ಟಿನ ಮುದ್ದೆ ಥರ ಇರತ್ತೆ, ಉಜ್ಜದೆ ಬರೀ ಒತ್ತಿ ಎತ್ತಿದ್ರೆ ಗ್ರಾಫೈಟ್ ಅದಕ್ಕೆ ಅಂಟ್ಕೊಂಡು ಬರತ್ತೆ. ಇಡೀ ಪಟ್ಟಿಯಲ್ಲಿ ಇದೊಂದನ್ನ ಮಾತ್ರ ತಪ್ಪಿಸ್ಬೇಡಿ. ಊರಲ್ಲಿ ಸಿಗಲ್ಲ ಅಂದ್ರೆ ಗೋಡೆಗೆ ಪೋಸ್ಟರ್ ಅಂಟಿಸೋ ಬ್ಲೂ ಟ್ಯಾಕ್ ಇದೆಯಲ್ಲ ಅದು ಬಹುಪಾಲು ಅದೇ ಕೆಲಸ ಮಾಡತ್ತೆ. ಚಪಾತಿ ಹಿಟ್ಟು ಯಾರಾದ್ರೂ ಹೇಳಿದ್ರೆ ಮಾಡ್ಬೇಡಿ, ನೀರು ಎಣ್ಣೆ ಎರಡೂ ಹಾಳೆಗೆ ಇಳಿಯತ್ತೆ. ಇದಲ್ಲದೆ ಹೊಸ ಬ್ಲೇಡಿರೋ ಒಂದು ಮೆಂಡರ್, ಧೂಳು ಗುಡಿಸೋಕೆ ಒಂದು ಮೆತ್ತನೆ ಒಣ ಬ್ರಷ್, ಕೈ ಕೆಳಗಿಡೋಕೆ ಬಟರ್ ಪೇಪರ್, ತುದಿ ಒರೆಸೋಕೆ ಒಂದು ರಫ್ ಹಾಳೆ.

ಗೆರೆ ಹಾಕೋದು

ಯೋಚನೆ ಮಾಡೋದೆಲ್ಲ ರಫ್ ಹಾಳೆಯಲ್ಲಿ ಆಗ್ಲಿ. ಹಣ್ಣು ಎಷ್ಟು ಉದ್ದ, ಎಲೆ ಎತ್ತ ಬಾಗಿದೆ, ತೊಟ್ಟು ಎಲ್ಲಿ, ಅಳಿಸಿ ಬರೆದು ಅಳಿಸಿ ಬರೆದು ಅಲ್ಲೇ ತೀರ್ಮಾನ ಮಾಡಿ. ಒಳ್ಳೆ ಹಾಳೆ ಮೇಲೆ ಪದೇ ಪದೇ ರಬ್ಬರ್ ಉಜ್ಜಿದ್ರೆ ಅದ್ರ ತರಿ ಹೋಗಿ ಅಲ್ಲಿ ಬಣ್ಣ ಬೇರೆ ಥರ ಹಿಡಿಯತ್ತೆ, ಮುಗಿದ ಮೇಲೆ ಎಲ್ಲೆಲ್ಲಿ ಅಳಿಸಿದ್ರಿ ಅಂತ ಚಿತ್ರವೇ ಹೇಳತ್ತೆ.

ಆಮೇಲೆ ಒಳ್ಳೆ ಹಾಳೆಗೆ ಇಳಿಸ್ಬೇಕು. ಹಗಲಲ್ಲಿ ಕಿಟಕಿ ಗಾಜಿಗೆ ರಫ್ ಹಾಳೆ ಅಂಟಿಸಿ ಮೇಲೆ ಒಳ್ಳೆ ಹಾಳೆ ಇಟ್ರೆ 150 ಜಿಎಸ್‌ಎಂವರೆಗೂ ಗೆರೆ ಕಾಣತ್ತೆ. ಹಾಳೆ ಇನ್ನೂ ದಪ್ಪ ಇದ್ರೆ ಹಳೇ ಉಪಾಯ, ರಫ್ ಹಾಳೆ ಹಿಂದೆ ಪೆನ್ಸಿಲ್ ಉಜ್ಜಿ ಮೇಲಿಂದ ಗೆರೆ ತೀಡೋದು, ಎಲ್ಲರೂ ಸ್ಕೂಲಲ್ಲಿ ಮಾಡಿರ್ತೀವಿ. ಅಲ್ಲೊಂದು ಸಣ್ಣ ಬದಲಾವಣೆ ಮಾಡಿ, ಹಿಂದೆ ಗ್ರಾಫೈಟ್ ಉಜ್ಜೋ ಬದ್ಲು ಕಲರ್ ಪೆನ್ಸಿಲ್ ಉಜ್ಜಿ. ಹಣ್ಣಿನ ಗೆರೆ ಹಿಂದೆ ಕಿತ್ತಳೆ, ಎಲೆ ಗೆರೆ ಹಿಂದೆ ಹಸಿರು. ಆಗ ಒಳ್ಳೆ ಹಾಳೆ ಮೇಲೆ ಬರೋ ಗೆರೆನೇ ಬಣ್ಣದ್ದು, ಗ್ರಾಫೈಟ್ ಅದನ್ನ ಮುಟ್ಟೇ ಇಲ್ಲ, ಅಳಿಸೋ ಕೆಲಸವೇ ಇಲ್ಲ. ಈ ಒಂದು ಬದಲಾವಣೆಯಿಂದ ನನ್ನ ಹಳದಿಗಳು ಹಳದಿಯಾಗೇ ಉಳಿಯೋಕೆ ಶುರುವಾಯ್ತು.

ನೇರವಾಗಿ ಒಳ್ಳೆ ಹಾಳೆ ಮೇಲೇ ಬರೀತೀನಿ ಅನ್ನೋರು ಎಚ್‌ಬಿ ತಗೊಳ್ಳಿ, ಪೆನ್ಸಿಲ್‌ನ ತುದಿಯಿಂದ ದೂರ, ಹಿಂಭಾಗದಲ್ಲಿ ಹಿಡ್ಕೊಳ್ಳಿ, ಅದರ ತೂಕದಲ್ಲೇ ಗೆರೆ ಬೀಳ್ಲಿ. ತಿಳಿ ಬರತ್ತೆ ಅಂತ 2ಎಚ್, 4ಎಚ್ ಹಿಡಿಯೋರು ಜಾಸ್ತಿ, ಆದ್ರೆ ಗಟ್ಟಿ ಕಡ್ಡಿ ಸ್ವಲ್ಪ ಒತ್ತಿದ್ರೂ ಹಾಳೆಯಲ್ಲಿ ಗಾಡಿ ಜಾಡಿನ ಹಾಗೆ ತಗ್ಗು ಮಾಡತ್ತೆ, ಗೆರೆ ಅಳಿಸಿದ್ರೂ ತಗ್ಗು ಉಳಿಯತ್ತೆ, ಬಣ್ಣ ಆ ತಗ್ಗಿಗೆ ಇಳಿಯದೆ ಬಿಳಿ ಗೀಟು ಕಾಣತ್ತೆ.

ಗ್ರಾಫೈಟ್‌ನ ಕಳಿಸೋದು

ನೀಡೆಡ್ ಇರೇಸರ್‌ನ ಕೈಯಲ್ಲಿ ನಾದಿ ಬೆಚ್ಚಗೆ ಮಾಡಿ ಸಣ್ಣ ಗೆಣಸಿನ ಥರ ಉರುಳೆ ಮಾಡಿ, ಗೆರೆಗಳ ಮೇಲೆ ಲಟ್ಟಣಿಗೆ ಹಾಗೆ ಉರುಳಿಸ್ಕೊಂಡು ಹೋಗಿ. ಉಜ್ಜಬೇಡಿ, ಉರುಳಿಸಿ ಅಷ್ಟೇ. ಒಂದು ಸಲ ಹೋದ್ರೆ ಗೆರೆ ಅರ್ಧ ತಿಳಿಯಾಗತ್ತೆ, ಮುದ್ದೆನ ಒಳಗೆ ಮಡಚಿ ಹೊಸ ಮುಖ ತಂದು ಇನ್ನೊಂದು ಸಲ. ಕೈ ಚಾಚಿ ಹಾಳೆ ದೂರ ಹಿಡಿದು ನೋಡಿದಾಗ ಗೆರೆ ಕಾಣಬಾರ್ದು, ಹತ್ರ ತಂದು ಕಣ್ಣು ಕಿರಿದು ಮಾಡಿದ್ರೆ ಮಾತ್ರ ಸಿಗಬೇಕು. ಬರೆದ ಗೆರೆನ ಇಷ್ಟು ತಿಳಿ ಮಾಡೋಕೆ ಮನಸ್ಸು ಬರಲ್ಲ, ಗೊತ್ತು. ಆದ್ರೂ ಮಾಡಿ.

ಮಾಡಿದ ತಕ್ಷಣ, ಆ ಮಸುಕು ಗೆರೆ ಮೇಲೆ ಅಲ್ಲಲ್ಲಿನ ಬಣ್ಣದಿಂದ ತಿಳಿಯಾಗಿ ಮತ್ತೆ ಗೆರೆ ತೀಡಿ. ಹಣ್ಣಿನ ಹಳದಿ ಭಾಗಕ್ಕೆ ಆಕ್ರ್ ಅನ್ನೋ ಮಣ್ಣು ಬಣ್ಣದ ಹಳದಿ, ಕೆಂಪು ಭಾಗಕ್ಕೆ ಕಿತ್ತಳೆ, ಎಲೆಗೆ ತಿಳಿ ಹಸಿರು. ಕಪ್ಪಲ್ಲಿ, ಕಡು ಕಂದಲ್ಲಿ ಔಟ್‌ಲೈನ್ ಹಾಕ್ಬೇಡಿ, ನಿಜವಾದ ಮಾವಿನಹಣ್ಣಿಗೆ ಸುತ್ತ ಗೆರೆ ಇರಲ್ಲ. ಬಣ್ಣದ ಗೆರೆ ನಿಂತ ಮೇಲೆ ಉಳಿದ ಗ್ರಾಫೈಟ್‌ನೂ ಒಂದು ಸಲ ಒತ್ತಿ ಎತ್ತಿ. ಬ್ರಷ್‌ನಿಂದ ಧೂಳು ಗುಡಿಸಿ, ಕೈಯಿಂದ ಒರೆಸ್ಬೇಡಿ, ಬಾಯಿಂದ ಊದೋದೂ ಬೇಡ, ಉಗುಳಿನ ಒಂದು ಹನಿ ಬಿದ್ರೂ ಅಲ್ಲಿ ಕಲೆ.

ಈಗಾಗ್ಲೇ 4ಬಿ 6ಬಿ ಹಾಕಿ ಪೂರ್ತಿ ಶೇಡ್ ಮಾಡಿದ ಸ್ಕೆಚ್ ಇದ್ದು ಅದನ್ನೇ ಕಲರ್ ಮಾಡ್ಬೇಕು ಅಂತ ಕೂತಿದ್ರೆ, ನನ್ನ ಮಾತು ಕೇಳಿ, ಮಾಡ್ಬೇಡಿ. ಅದು ಕಪ್ಪು ಬಿಳುಪಲ್ಲಿ ಮುಗಿದ ಚಿತ್ರ, ಅದನ್ನ ಹಾಗೇ ಕಾಪಾಡಿ. ಅದ್ರ ಗೆರೆ ಮಾತ್ರ ಇನ್ನೊಂದು ಹಾಳೆಗೆ ಇಳಿಸ್ಕೊಂಡು ಅಲ್ಲಿ ಬಣ್ಣ ಹಾಕಿ. ಜೆರಾಕ್ಸ್ ಅಂಗಡಿಯಲ್ಲಿ ನಿಮ್ಮ ದಪ್ಪ ಹಾಳೆ ಕೊಟ್ಟು ತಿಳಿಯಾಗಿ ಪ್ರಿಂಟ್ ಹಾಕಿಸ್ಕೊಳ್ಳೋದೂ ಒಂದು ದಾರಿ, ಲೇಸರ್ ಮೆಷಿನ್‌ನ ಟೋನರ್ ಅನ್ನೋ ಮಸಿಪುಡಿ ಬಿಸಿಗೆ ಕರಗಿ ಹಾಳೆಗೆ ಅಂಟಿರತ್ತೆ, ಮೆತ್ಕೊಳ್ಳಲ್ಲ, ಆದ್ರೆ ಅಳಿಸೋಕೂ ಆಗಲ್ಲ, ಎಲ್ಲ ಮೆಷಿನ್ ದಪ್ಪ ಹಾಳೆ ತಗೊಳ್ಳೋದೂ ಇಲ್ಲ, ಮೊದಲೇ ಕೇಳಿ. ಫಿಕ್ಸೆಟಿವ್ ಸ್ಪ್ರೇ ಹೊಡೆದು ಗ್ರಾಫೈಟ್‌ನ ಅಲ್ಲೇ ಕಟ್ಟಿಹಾಕಬಹುದು, ಅದ್ರ ಮೇಲೆ ಬಣ್ಣವೂ ಹಿಡಿಯತ್ತೆ, ಅದಕ್ಕೆ ವರ್ಕಬಲ್ ಅಂತ ಬರೆದಿರೋದೇ ತಗೋಬೇಕು. ಆದ್ರೆ ಮೆತ್ಕೊಳ್ಳೋದು ನಿಲ್ಲತ್ತೆ ಹೊರತು ಬೂದು ಹೋಗಲ್ಲ, ಹಳದಿ ಕೆಳಗೆ ಅದು ಕಂಡೇ ಕಾಣತ್ತೆ.

ಬಣ್ಣ ಮುಟ್ಟೋಕೆ ಮುಂಚೆ

ಕೈ ಸೋಪಲ್ಲಿ ತೊಳ್ಕೊಂಡು ಪೂರ್ತಿ ಒಣಗಿಸಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಗೊತ್ತಿಲ್ಲದೆ ಕೂದಲು ಸರಿಮಾಡ್ಕೊಂಡು ಅದೇ ಬೆರಳು ಹಾಳೆ ಮೇಲೆ ಇಡ್ತೀವಿ, ಆ ಜಾಗ ಆಗ ಕಾಣಲ್ಲ, ಬಣ್ಣ ಹಾಕಿದಾಗ ಅಷ್ಟು ಭಾಗ ಬೇರೆ ಥರ ಹಿಡಿದು ಕಲೆ ಎದ್ದು ಬರತ್ತೆ. ಬಟರ್ ಪೇಪರ್ ಕೈ ಕೆಳಗೆ ಯಾವಾಗ್ಲೂ ಇರಲಿ, ಅದನ್ನ ಎಳೀದೆ ಎತ್ತಿ ಎತ್ತಿ ಇಡಿ. ಬಲಗೈಯವರು ಎಡ ಮೇಲಿಂದ ಶುರು ಮಾಡಿ, ಎಡಗೈಯವರು ಬಲ ಮೇಲಿಂದ.

ಎಲೆಯ ಮಧ್ಯದ ನರ ತಿಳಿಯಾಗಿ ಚೂಪಾಗಿ ಬರಬೇಕಲ್ಲ, ಅದಕ್ಕೆ ಈಗಲೇ ಒಂದು ಕೆಲಸ ಮಾಡಿ. ಮೊದಲು ಎಲೆ ಪೂರ್ತಿ ಒಂದು ಪದರ ತಿಳಿ ಹಳದಿ ಹಸಿರು ಹಾಕಿ. ಇಂಕ್ ಖಾಲಿಯಾದ ಬಾಲ್ ಪೆನ್ ತಗೊಂಡು ನರ ಇರೋ ಕಡೆ ಒತ್ತಿ ಗೆರೆ ಎಳೀರಿ. ಮೇಲೆ ಹೇಳಿದ ತಗ್ಗು ಇಲ್ಲಿ ನಮಗೆ ಅನುಕೂಲ, ಆಮೇಲೆ ಹಾಕೋ ಕಡು ಹಸಿರು ತಗ್ಗಿಗೆ ಇಳಿಯಲ್ಲ, ನರ ತಾನಾಗೇ ತಿಳಿ ಬಣ್ಣದಲ್ಲಿ ಉಳಿಯತ್ತೆ. ಬೆಕ್ಕಿನ ಮೀಸೆ, ಬಿಳಿ ಕೂದಲು, ಸೀರೆ ಜರಿ ಎಲ್ಲಕ್ಕೂ ಇದೇ ಉಪಾಯ. ಮೊದಲು ರಫ್ ಹಾಳೆಯಲ್ಲಿ ಆ ಪೆನ್ ನಿಜವಾಗ್ಲೂ ಖಾಲಿಯಾಗಿದೆಯಾ ಅಂತ ಗೀಚಿ ನೋಡಿ.

ಪದರ ಪದರವಾಗಿ

ಇಲ್ಲಿಂದ ನಿಧಾನ. ಒಂದು ಕೈ ಅಗಲದ ಹಣ್ಣಿಗೆ ನನಗೆ ಎರಡೂವರೆಯಿಂದ ಮೂರು ಗಂಟೆ ಹಿಡಿಯತ್ತೆ, ಒಂದೇ ಸಲ ಕೂರಬೇಕು ಅಂತಿಲ್ಲ.

ಒತ್ತಡ ಎಷ್ಟು ಅಂದ್ರೆ, ಮಗುವಿನ ಕೆನ್ನೆ ಮೇಲೆ ಬೆರಳಾಡಿಸಿದಷ್ಟು. ಮೊದಲ ಪದರ ಹಾಕಿದಾಗ ಬಣ್ಣ ಬಿತ್ತೋ ಇಲ್ವೋ ಅನ್ನಿಸ್ಬೇಕು. ಗಟ್ಟಿಯಾಗಿ ಒತ್ತಿದ್ರೆ ಹಾಳೆ ತರಿ ಒಂದೇ ಪದರಕ್ಕೆ ಮುಚ್ಚಿಹೋಗಿ ಮುಂದಿನ ಬಣ್ಣಕ್ಕೆ ಜಾಗವೇ ಇರಲ್ಲ. ಹಿಂದೆ ಮುಂದೆ ಗೀಚಿದ್ರೆ ಗೀಟು ಗೀಟು ಉಳಿಯತ್ತೆ, ಅದಕ್ಕೆ ಸಾಸಿವೆ ಕಾಳಿನಷ್ಟು ಸಣ್ಣ ಸುತ್ತು ಸುತ್ತು, ಒಂದರ ಮೇಲೊಂದು ಸ್ವಲ್ಪ ಹತ್ತೋ ಹಾಗೆ. ತುದಿ ಚೂಪಾಗಿರಲಿ, ಯಾಕಂದ್ರೆ ಮೊಂಡು ತುದಿ ಹಾಳೆಯ ಉಬ್ಬಿನ ಮೇಲಷ್ಟೇ ಓಡತ್ತೆ, ಚೂಪು ತುದಿ ತಗ್ಗಿನೊಳಗೂ ಇಳಿಯತ್ತೆ, ಬಣ್ಣ ಒಂದೇ ಸಮ ಕಾಣೋದು ಆಗಲೇ. ಹತ್ತು ನಿಮಿಷಕ್ಕೊಂದು ಸಲ ಮೆಂಡರ್ ಹಾಕ್ಬೇಕಾಗತ್ತೆ, ಹಾಕಿ. ಮೆಂಡರ್ ಗಟ್ಟಿ ಹಿಡಿದು ಪೆನ್ಸಿಲ್ ತಿರುಗಿಸಿ, ಪೆನ್ಸಿಲ್ ಸಿಪ್ಪೆಯ ಹೂವು ಹಾಳೆ ಮೇಲೆ ಉದುರದ ಹಾಗೆ ಟೇಬಲ್‌ನ ಇನ್ನೊಂದು ಕಡೆ. ಪೆನ್ಸಿಲ್ ಕೆಳಗೆ ಬೀಳಿಸ್ಬೇಡಿ, ಒಳಗೇ ತುಂಡು ತುಂಡಾಗಿರತ್ತೆ, ಮೇಲ್ನೋಟಕ್ಕೆ ಗೊತ್ತಾಗಲ್ಲ, ಮೆಂಡರ್ ಹಾಕಿದಾಗೆಲ್ಲ ತುದಿ ಉದುರತ್ತೆ.

ಮೊದಲು ಹಣ್ಣಿನ ಮೇಲೆ ಬೆಳಕು ಎಲ್ಲಿ ಹೊಳೀತಿದೆ ನೋಡಿ, ಅಷ್ಟು ಜಾಗ ಬಿಟ್ಬಿಡಿ, ಹಾಳೆಯ ಬಿಳಿನೇ ಅಲ್ಲಿ ಹೊಳಪು. ಬಿಳಿ ಪೆನ್ಸಿಲ್‌ನಿಂದ ಆಮೇಲೆ ತರ್ತೀನಿ ಅಂದ್ರೆ ಬರಲ್ಲ. ಬಿಟ್ಟ ಜಾಗದ ಅಂಚು ಕತ್ತರಿಸಿದ ಹಾಗಿರಬಾರ್ದು, ಮಾವಿನ ಸಿಪ್ಪೆ ಸ್ಟೀಲ್ ಲೋಟ ಅಲ್ಲ, ಅದ್ರ ಹೊಳಪು ಮೆತ್ತಗೆ ಕರಗ್ತಾ ಹೋಗತ್ತೆ.

ಉಳಿದ ಹಣ್ಣಿಗೆಲ್ಲ ಲೆಮನ್ ಹಳದಿ ಒಂದು ಪದರ, ಕೆಂಪು ಬರೋ ಜಾಗಕ್ಕೂ ಸೇರಿಸಿ. ಕೆಂಪಿನ ಕೆಳಗೆ ಹಳದಿ ಇದ್ರೆ ಆ ಕೆಂಪು ಒಳಗಿಂದ ಬೆಳಗತ್ತೆ, ಬರೀ ಬಿಳಿ ಹಾಳೆ ಮೇಲೆ ಹಾಕಿದ ಕೆಂಪು ಪ್ಲಾಸ್ಟಿಕ್ ಥರ ಕಾಣತ್ತೆ. ಎರಡನೇದು ಅರಿಶಿನ ಹಳದಿ, ಹೊಳಪಿನಿಂದ ದೂರ ಹೋದ ಹಾಗೆ ಜಾಸ್ತಿ. ಮೂರನೇದು ಕಿತ್ತಳೆ, ಕೆಂಪು ಶುರುವಾಗೋ ಜಾಗಕ್ಕಿಂತ ಒಂದು ಬೆರಳು ಕೆಳಗಿಂದಲೇ ಶುರು ಮಾಡಿ ಮೇಲಕ್ಕೆ ಹೋಗಿ. ನಾಲ್ಕನೇದು ಸ್ಕಾರ್ಲೆಟ್ ಕೆಂಪು, ಕಿತ್ತಳೆಯ ಅರ್ಧದಿಂದ ತೊಟ್ಟಿನವರೆಗೆ. ಆಮೇಲೆ ತೊಟ್ಟಿನ ಸುತ್ತ ಮತ್ತೆ ನೆರಳಿರೋ ಪಕ್ಕಕ್ಕೆ ಮಾತ್ರ ಕ್ರಿಮ್ಸನ್ ಅನ್ನೋ ಕಡು ಕೆಂಪು. ಒಂದೊಂದು ಬಣ್ಣವೂ ಹಿಂದಿನ ಬಣ್ಣದೊಳಗೆ ಕಾಲಿಟ್ಟು ಹೋಗ್ಬೇಕು, ಇಲ್ಲಾಂದ್ರೆ ಬಾವುಟದ ಪಟ್ಟೆ ಹಾಗಾಗತ್ತೆ. ಇಷ್ಟಾದ ಮೇಲೆ ತಿರುಗಿ ಲೆಮನ್ ಹಳದಿ ತಗೊಂಡು ಹಳದಿ ಕಿತ್ತಳೆ ಸೇರೋ ಕಡೆ ಇನ್ನೊಂದು ಸುತ್ತು, ಬಣ್ಣಗಳು ಒಂದಕ್ಕೊಂದು ಬೆಸೆದುಕೊಳ್ಳೋದು ಈ ಸುತ್ತಲ್ಲೇ.

ಇಲ್ಲೇ ಒಂದು ಎಚ್ಚರಿಕೆ, ತುಂಬಾ ಜನ ಎಡವೋದು ಇಲ್ಲಿ. ಹಳದಿ ಪೆನ್ಸಿಲ್ ಕೆಂಪಿನ ಮೇಲೆ ಓಡಿದಾಗ ಅದರ ತುದಿಗೆ ಕೆಂಪು ಮೆತ್ಕೊಂಡಿರತ್ತೆ. ಅದೇ ತುದಿ ತಗೊಂಡು ಹೋಗಿ ಚೊಕ್ಕ ಹಳದಿ ಜಾಗದಲ್ಲಿಟ್ರೆ ಕೆಂಪು ಗೀಟು, ಗ್ರಾಫೈಟ್ ಇಲ್ಲದಿದ್ರೂ ಕೊಳೆ. ಪ್ರತಿ ಸಲ ಕಡು ಬಣ್ಣದ ಮೇಲೆ ಹೋಗಿ ಬಂದಾಗ ರಫ್ ಹಾಳೆ ಮೇಲೆ ನಾಲ್ಕು ಸಲ ಗೀಚಿ ತುದಿ ತೊಳ್ಕೊಳ್ಳಿ. ತಿಳಿ ಬಣ್ಣದ ಪೆನ್ಸಿಲ್‌ಗಳಿಗೆ, ಮುಖ್ಯವಾಗಿ ಹಳದಿ, ಬಿಳಿ, ಪೀಚ್‌ಗೆ ಇದು ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜ ಆಗ್ಬೇಕು. ಹಾಗೇ ಕೆಂಪು, ಕಡು ನೀಲಿ, ಕಪ್ಪು ಹಾಕುವಾಗ ಮೇಣದ ಸಣ್ಣ ತುಣುಕು ಉದುರ್ತಾ ಇರತ್ತೆ, ನೋಡಿದ ತಕ್ಷಣ ಬ್ರಷ್‌ನಿಂದ ಗುಡಿಸಿ, ಅದ್ರ ಮೇಲೆ ಕೈ ಹೋದ್ರೆ ಬಾಲ ಬಿಟ್ಟ ಧೂಮಕೇತು ಥರ ಗೀಟು ಬೀಳತ್ತೆ.

ನೆರಳಿಗೆ ಕಪ್ಪು ಬೇಡ

ಗ್ರಾಫೈಟ್‌ನ ಇಷ್ಟು ಕಷ್ಟಪಟ್ಟು ಓಡಿಸಿ ಆಮೇಲೆ ಕಪ್ಪು ಪೆನ್ಸಿಲ್ ಹಿಡಿದು ನೆರಳು ಕೊಟ್ರೆ ತಿರುಗಿ ಅದೇ ಬೂದು. ನೆರಳಿಗೆ ಎದುರು ಬಣ್ಣ ಬಳಸಿ. ಹಳದಿಗೆ ಎದುರು ನೇರಳೆ, ಕೆಂಪಿಗೆ ಹಸಿರು, ಕಿತ್ತಳೆಗೆ ನೀಲಿ. ಹಣ್ಣಿನ ಹಳದಿ ಭಾಗ ಕೆಳಗೆ ದುಂಡಾಗಿ ತಿರುಗೋ ಕಡೆ ನೇರಳೆ ತೀರಾ ತಿಳಿಯಾಗಿ ಸವರಿ, ಅದ್ರ ಮೇಲೆ ಅರಿಶಿನ ಹಳದಿ ಮತ್ತೆ ಕಿತ್ತಳೆ ಹಾಕಿ, ಬೆಚ್ಚಗಿನ ಕಂದು ನೆರಳು ಬರತ್ತೆ. ಕೆಂಪಿರೋ ಕಡೆಯ ನೆರಳಿಗೆ ಕ್ರಿಮ್ಸನ್ ಮೇಲೆ ಕಡು ಹಸಿರು ಸ್ವಲ್ಪ, ಮೇಲೆ ಮತ್ತೆ ಕ್ರಿಮ್ಸನ್. ಮೊದಲ ಸಲ ಮಾಡುವಾಗ ಭಯ ಆಗತ್ತೆ, ರಫ್ ಹಾಳೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಮಾಡಿ ನೋಡ್ಕೊಂಡು ಬನ್ನಿ.

ಹಣ್ಣು ಕೂತಿರೋ ನೆಲದ ನೆರಳಿಗೆ ಕಡು ನೀಲಿ ಮತ್ತೆ ಕಡು ಕಂದು ಎರಡನ್ನೂ ಒಂದರ ಮೇಲೊಂದು. ಹಣ್ಣಿಗೆ ತಾಗೋ ಕಡೆ ತೀರಾ ಕಡು, ದೂರ ಹೋದ ಹಾಗೆ ಮಾಯ. ಹಣ್ಣಿನ ಬುಡದ ಹತ್ರ ಆ ನೆರಳೊಳಗೆ ಒಂಚೂರು ಕಿತ್ತಳೆ ಸೇರಿಸಿ, ಹಣ್ಣಿನ ಬಣ್ಣ ನೆಲಕ್ಕೂ ಬಿದ್ದಿರತ್ತೆ, ಟೇಬಲ್ ಮೇಲೆ ಹಣ್ಣಿಟ್ಟು ನೋಡಿದ್ರೆ ನಿಮಗೇ ಕಾಣತ್ತೆ.

ಎಲೆ ಬೇಗ ಮುಗಿಯತ್ತೆ. ತಿಳಿ ಹಸಿರು, ಅದ್ರ ಮೇಲೆ ಮಾಮೂಲಿ ಹಸಿರು, ನರದ ಒಂದು ಪಕ್ಕ ಕಡು ಹಸಿರು ಜೊತೆ ಸ್ವಲ್ಪ ನೀಲಿ, ಇನ್ನೊಂದು ಪಕ್ಕ ತಿಳಿಯಾಗೇ ಇರಲಿ.

ಅಂಚು ಚೊಕ್ಕ ಬರೋದು ಹೇಗೆ

ಅಂಚಿನ ಹತ್ರ ಬಂದಾಗ ಹೊಸದಾಗಿ ಚೂಪು ಮಾಡಿದ ತುದಿ ಬೇಕು, ಮೇಲಾಗಿ ಹಾಳೆನೇ ತಿರುಗಿಸ್ಕೊಳ್ಳಿ. ನಮ್ಮ ಮಣಿಕಟ್ಟು ಒಂದು ಕಡೆಗೆ ಸಲೀಸಾಗಿ ಬಾಗತ್ತೆ, ಹಣ್ಣಿನ ಬಾಗು ಆ ಬಾಗಿಗೆ ಹೊಂದೋ ಹಾಗೆ ಹಾಳೆ ತಿರುಗಿಸಿದ್ರೆ ಅಂಚು ತಾನಾಗೇ ನುಣುಪು ಬರತ್ತೆ. ಗೀಟುಗಳು ಅಂಚಿಂದ ಒಳಗಡೆ ಹೋಗ್ಲಿ, ಒಳಗಿಂದ ಹೊರಗಡೆ ಎಳೆದ್ರೆ ದಾಟೋದು ಗ್ಯಾರಂಟಿ. ಹೊರಗೆ ಸ್ವಲ್ಪ ದಾಟಿದ್ದೇ ಆದ್ರೆ ರಬ್ಬರ್‌ಗೆ ಓಡ್ಬೇಡಿ, ಹಿನ್ನೆಲೆಗೆ ಬಣ್ಣ ಹಾಕೋದಿದ್ರೆ ಅದ್ರಲ್ಲೇ ಮುಚ್ಚಿ ಹೋಗತ್ತೆ.

ಕಲರ್ ಪೆನ್ಸಿಲ್‌ಗೆ ಮಾಮೂಲಿ ರಬ್ಬರ್ ಹಾಕಿ ಉಜ್ಜಿದ್ರೆ ಉಜ್ಜಿದ ಬಿಸಿಗೆ ಮೇಣ ಕರಗಿ ಹರಡತ್ತೆ. ಬದಲಿಗೆ ಸೆಲ್ಲೋಟೇಪ್‌ನ ಒಂದು ತುಂಡು ತಗೊಂಡು ಮೊದಲು ಅಂಗಿಗೆ ಎರಡು ಸಲ ಅಂಟಿಸಿ ಕಿತ್ತು ಅಂಟು ಕಮ್ಮಿ ಮಾಡಿ, ತಪ್ಪಾದ ಜಾಗದ ಮೇಲೆ ಸುಮ್ಮನೆ ಇಟ್ಟು, ಬೇಕಾದಷ್ಟು ಜಾಗವನ್ನ ಮಾತ್ರ ಖಾಲಿ ಬಾಲ್ ಪೆನ್ ತುದಿಯಿಂದ ಒತ್ತಿ, ನಿಧಾನ ಎತ್ತಿ. ಬಣ್ಣ ಟೇಪ್‌ಗೆ ಅಂಟಿ ಬರತ್ತೆ. ಎರಡು ಮೂರು ಸಲ ಮಾಡ್ಬೇಕಾಗಬಹುದು. ಪೂರ್ತಿ ಬಿಳಿ ಆಗಲ್ಲ, ಆದ್ರೆ ಮೇಲೆ ಹೊಸ ಬಣ್ಣ ಕೂರೋಷ್ಟು ಜಾಗ ಸಿಗತ್ತೆ. ಕೆಂಪು, ಮೆಜೆಂಟಾ ಥರದ ಬಣ್ಣಗಳು ಹಾಳೆಗೆ ಕಲೆ ಬಿಟ್ಟೇ ಬಿಡತ್ವೆ, ಅದಕ್ಕೇ ಅವುಗಳನ್ನ ಕೊನೆಗೆ ಹಾಕೋದು.

ಬರ್ನಿಶಿಂಗ್

ನಾಲ್ಕೈದು ಪದರ ಆದ್ಮೇಲೂ ಹಾಳೆಯ ಬಿಳಿ ಚುಕ್ಕೆ ಅಲ್ಲಲ್ಲಿ ಇಣುಕ್ತಿದ್ರೆ ಕೊನೆಯ ಕೆಲಸ ಇದು. ತಿಳಿ ಬಣ್ಣದ ಪೆನ್ಸಿಲ್ ತಗೊಂಡು ಈಗ ಮೊದಲ ಸಲ ಗಟ್ಟಿಯಾಗಿ ಒತ್ತಿ ಉಜ್ಜೋದು, ಪದರಗಳೆಲ್ಲ ಒಂದಾಗಿ ತಗ್ಗು ತುಂಬಿ ಹೊಳಪು ಬರತ್ತೆ. ಚನ್ನಪಟ್ಟಣದಲ್ಲಿ ಗೊಂಬೆ ತಿರುಗ್ತಿರುವಾಗ ಅರಗು ಹಾಕಿ ತಾಳೆಗರಿ ಒತ್ತಿ ಹಿಡಿದು ಮೆರುಗು ತರ್ತಾರಲ್ಲ, ನೋಡಿದವರಿಗೆ ಈ ಕೆಲಸ ಬೇಗ ಅರ್ಥ ಆಗತ್ತೆ. ಎಲ್ಲಾ ಕಡೆ ಬಿಳಿ ಪೆನ್ಸಿಲ್ ಬಳಸಿ ಅಂತಾರೆ, ಆದ್ರೆ ಹಣ್ಣಿಗೆ ಬಿಳಿ ಹಾಕಿದ್ರೆ ಬಣ್ಣ ಪೌಡರ್ ಹಚ್ಚಿದ ಹಾಗೆ ಪೇಲವ ಆಗತ್ತೆ, ನಾನು ಹಳದಿ ಭಾಗಕ್ಕೆ ಲೆಮನ್ ಹಳದಿ, ಕೆಂಪು ಭಾಗಕ್ಕೆ ಕಿತ್ತಳೆ, ಹೊಳಪಿನ ಅಂಚಿಗೆ ಮಾತ್ರ ಬಿಳಿ ಬಳಸ್ತೀನಿ. ಎಲೆಗೆ ಬರ್ನಿಶ್ ಮಾಡಲ್ಲ, ಹಣ್ಣು ಹೊಳೆದು ಎಲೆ ಮಂಕಾಗಿದ್ರೆ ಕಣ್ಣು ಹಣ್ಣಿಗೆ ಹೋಗತ್ತೆ.

ಬರ್ನಿಶ್ ಆದ ಜಾಗದಲ್ಲಿ ತರಿ ಪೂರ್ತಿ ಮುಚ್ಚಿರತ್ತೆ, ಅದ್ರ ಮೇಲೆ ಇನ್ನೇನೂ ಸರಿಯಾಗಿ ಹಿಡಿಯಲ್ಲ, ಹಾಗಾಗಿ ಇನ್ನೇನೂ ಬಾಕಿ ಇಲ್ಲ ಅಂತ ಖಾತ್ರಿ ಆದ್ಮೇಲೆ ಮಾತ್ರ ಮಾಡಿ. ಬೇಬಿ ಆಯಿಲ್, ಟರ್ಪಂಟೈನ್ ಹಾಕಿ ಬಣ್ಣ ಕರಗಿಸೋ ವಿಧಾನಗಳೂ ಇವೆ, ಹೊಸಬರಿಗೆ ನಾನು ಹೇಳಲ್ಲ, ತೆಳು ಹಾಳೆಯಲ್ಲಿ ಎಣ್ಣೆ ಹಿಂದಕ್ಕೆ ಸೋರಿ ಬೋಂಡಾ ಕಟ್ಟಿದ ಪೇಪರ್ ಥರ ಆಗತ್ತೆ, ಟರ್ಪಂಟೈನ್‌ಗಂತೂ ಕಿಟಕಿ ತೆಗೆದಿರಬೇಕು, ಹತ್ರದಲ್ಲಿ ಒಲೆ ದೀಪ ಇರಬಾರ್ದು.

ಮುಗಿದ ಮೇಲೆ

ನೀಡೆಡ್ ಇರೇಸರ್‌ನಿಂದ ಸುತ್ತಲಿನ ಬಿಳಿ ಜಾಗವನ್ನೆಲ್ಲ ಒತ್ತಿ ಒತ್ತಿ ಎತ್ತಿ, ಕಣ್ಣಿಗೆ ಕಾಣದ ಧೂಳೂ ಬರತ್ತೆ, ಮುದ್ದೆ ಕಪ್ಪಾಗೋದು ನೋಡಿದ್ರೆ ಗೊತ್ತಾಗತ್ತೆ. ಸಹಿ ಹಾಕೋದಿದ್ರೆ ಎಚ್‌ಬಿ ಪೆನ್ಸಿಲ್ ಎತ್ಕೋಬೇಡಿ, ಚಿತ್ರದಲ್ಲಿ ಬಳಸಿದ ಕಡು ಕಂದಲ್ಲೇ ಹಾಕಿ.

ಮೇಣದ ಪೆನ್ಸಿಲ್ ದಪ್ಪಗೆ ಹಾಕಿದ್ರೆ ಕೆಲವು ದಿನ ಬಿಟ್ಟು ಕಡು ಬಣ್ಣಗಳ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಮಬ್ಬು ಕೂರಬಹುದು. ಅದು ಬೂಷ್ಟಲ್ಲ, ಮೇಣ ಮೇಲಕ್ಕೆ ಬಂದಿರೋದು, ವ್ಯಾಕ್ಸ್ ಬ್ಲೂಮ್ ಅಂತಾರೆ. ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತದೆ ಸವರಿದ್ರೆ ಹೋಗತ್ತೆ, ಆಮೇಲೆ ಫಿಕ್ಸೆಟಿವ್ ದೂರದಿಂದ ಎರಡು ತೆಳು ಸುತ್ತು ಹೊಡೆದ್ರೆ ತಿರುಗಿ ಬರೋದು ಕಮ್ಮಿ. ಎಣ್ಣೆ ಪೆನ್ಸಿಲ್‌ನಲ್ಲಿ ಈ ತೊಂದ್ರೆ ತೀರಾ ಕಮ್ಮಿ.

ಗೋಡೆಗೆ ಹಾಕೋದಿದ್ರೆ ಬಿಸಿಲು ನೇರ ಬೀಳದ ಗೋಡೆ ನೋಡಿ, ಅಗ್ಗದ ಸೆಟ್‌ಗಳ ಗುಲಾಬಿ ನೇರಳೆ ಬಣ್ಣಗಳು ಬೆಳಕಿಗೆ ಬೇಗ ಮಾಸತ್ವೆ. ಫ್ರೇಮ್‌ನ ಗಾಜು ಚಿತ್ರಕ್ಕೆ ತಾಗಬಾರ್ದು, ಮಧ್ಯೆ ಮೌಂಟ್ ಬೋರ್ಡ್, ಅಂದ್ರೆ ದಪ್ಪ ರಟ್ಟಿನ ಚೌಕಟ್ಟು, ಹಾಕಿಸಿ, ಇಲ್ಲಾಂದ್ರೆ ಬಿಸಿಲುಕಾಲದಲ್ಲಿ ಮೇಣ ಗಾಜಿಗೆ ಅಂಟತ್ತೆ. ಫ್ರೇಮ್ ಮಾಡಿಸದೆ ಇಡೋದಾದ್ರೆ ಸುತ್ತಿ ಇಡ್ಬೇಡಿ, ಚಪ್ಪಟೆ ಫೈಲ್‌ನಲ್ಲಿ ಮೇಲೊಂದು ಬಟರ್ ಪೇಪರ್ ಹಾಕಿ ಇಡಿ, ಪಕ್ಕದಲ್ಲಿ ಗ್ರಾಫೈಟ್ ಸ್ಕೆಚ್‌ಗಳಿದ್ರೆ ಅವಕ್ಕೆ ಬೇರೆ ಫೈಲ್.